ಎಡಗೈ

ಮನಾಮಾ, ಗುದೈಬಿಯಾ, ಮೂರನೇ ಮಹಡಿ. ಗಂಡಸರಿಗೆ ಪ್ರವೇಶವಿಲ್ಲ.
ಬಾಗಿಲಿಗೆ ಎರಡು ಬೀಗ, ಒಳಗೆ ಇಂಟರ್ನೆಟ್ಟಿನ ತಂತಿ ಇಲ್ಲ,
ಫೋನುಗಳೆಲ್ಲ ಹೊರಗೆ, ಬಿಸ್ಕತ್ತಿನ ಡಬ್ಬಿಯಲ್ಲಿ.
ಮದುವೆಯ ಹೆಂಗಸರ ಕಡೆಯ ಚಿತ್ರವೆಂದರೆ ಹಾಗೆ.
ತಲೆವಸ್ತ್ರ ತೆಗೆದಿಟ್ಟ ಅಜ್ಜಿಯರು,
ಕೂದಲು ಬೀಸಿ ಬೀಸಿ ಕುಣಿದ ಹುಡುಗಿಯರು
ನಮ್ಮ ಮೂವರ ಕಣ್ಣಿಗಷ್ಟೇ ಬಿದ್ದು
ಒಂದು ಡಿಸ್ಕಿನೊಳಗೆ ಕೂತು ಮನೆ ಸೇರಬೇಕು.

ಇವತ್ತು ಬದ್ರಿಯಾ ಮೇಡಂ ಖರ್ಜೂರದ ತಟ್ಟೆ ಇಟ್ಟರು.
ಖರ್ಜೂರ ಬಂತೆಂದರೆ ಏನೋ ಕೇಳಲಿದ್ದಾರೆಂದು ಅರ್ಥ.
"ಜುಫೈರಿನವರು ಬದಲಾಯಿಸಿದರು, ರಿಫಾದವರೂ.
ಹೊಸ ಸಾಫ್ಟ್‌ವೇರಿಗೆ ಹೋಗೋಣವೋ ಬೇಡವೋ, ನೀವೇ ಹೇಳಿ."

ಮಾರಿಸೆಲ್ ಮನಸ್ಸಿನಲ್ಲಿ ಆಗಲೇ ಹೋಗಿದ್ದಾಳೆ.
ರಾತ್ರಿ ಬಂಕ್ ಮಂಚದ ಮೇಲೆ ಬೋರಲು ಮಲಗಿ
ತಮ್ಮನ ಹುಟ್ಟುಹಬ್ಬದ ತುಣುಕು ಹಾಕಿಕೊಂಡು ಕಲಿತಳು.
"ಬಣ್ಣ ನೋಡು ನೀನು! ಹಾಲಿನ ಆ ದರಿದ್ರ ನೇರಳೆ ದೀಪದಲ್ಲೂ
ಮುಖ ಮುಖವಾಗಿಯೇ ಉಳಿಯುತ್ತದೆ."
ಹನಾನ್ ಲೆಕ್ಕದವಳು, ಬೆರಳು ಮಡಚಿದಳು:
ತಿಂಗಳಿಗೆ ಎಷ್ಟು ದಿನಾರು, ವರ್ಷಕ್ಕೆ ಎಷ್ಟು,
ಕಟ್ಟದ ತಿಂಗಳು ನಮ್ಮ ಕೆಲಸ ಯಾರದು?
"ಮನೆ ಬಾಡಿಗೆಯದು. ಈಗ ಕತ್ತರಿಯೂ ಬಾಡಿಗೆಯದೇ?"

ನಾನು ಬೀಜ ಬಿಡಿಸುತ್ತ ಸುಮ್ಮನಿದ್ದೆ.
ನನ್ನ ತಕರಾರು ಬಣ್ಣದ್ದಲ್ಲ, ದುಡ್ಡಿನದ್ದೂ ಅಲ್ಲ,
ಎಡಗೈಯದು.

ಹುಬ್ಬಳ್ಳಿಯ ಕೊಪ್ಪೀಕರ್ ರೋಡಿನಲ್ಲಿ ಪಳಗಿದ ಕೈ.
ಮದುಮಕ್ಕಳ ಮೇಲೆ ಗುಲಾಬಿ ಸುರಿಸುತ್ತಿದ್ದೆ,
ಹೃದಯದಾಕಾರದ ಕಿಟಕಿಯಲ್ಲಿ ಬೀಗರನ್ನು ಕೂರಿಸುತ್ತಿದ್ದೆ.
ಮಠಪತಿ ಮಾಸ್ತರು ಬೆನ್ನ ಹಿಂದೆ ನಿಂತು
"ಕೀಲಿ ನೋಡಬ್ಯಾಡ ತಂಗಿ, ಮಾರಿ ನೋಡು,
ಯಾರ ಕಣ್ಣಾಗ ಯಾವಾಗ ನೀರು ಬರತೈತಿ ಅದನ್ನ ಕಾಯಿ."
ಅವತ್ತಿನಿಂದ ಕೀಲಿ ನೋಡಿಲ್ಲ, ಹತ್ತೊಂಬತ್ತು ವರ್ಷ.
ಹೆಬ್ಬೆರಳು ತಾನೇ ನಿಲ್ಲಿಸುತ್ತದೆ, ತೋರುಬೆರಳು ಕತ್ತರಿಸುತ್ತದೆ.
ಬೆಂಡೆಕಾಯಿ ಹೆಚ್ಚುವಾಗಲೂ ಕಿರುಬೆರಳು
ಇಲ್ಲದ ಯಾವುದನ್ನೋ ಒತ್ತುತ್ತದೆ.

ಹೊಸದರಲ್ಲಿ ಒಂದು ವಾರ ಕೂತು ನೋಡಿದ್ದೆ.
ಹಳೆಯ ಕೀಲಿಗಳನ್ನೇ ಕೊಡುತ್ತೇನೆಂದಿತು;
ಕೊಟ್ಟಿತು ಕೂಡ, ಸುಳ್ಳು ಹೇಳಬಾರದು.
ಆದರೂ ಹೊಸ ಮನೆಯಲ್ಲಿ ನಡುರಾತ್ರಿ
ಸ್ವಿಚ್ಚಿಗಾಗಿ ಗೋಡೆ ತಡವಿದ ಹಾಗೆ.
ಮದುಮಗಳ ತಾಯಿ ಕಣ್ಣೊರೆಸಿಕೊಂಡು ಆಗಿತ್ತು,
ನಾನಿನ್ನೂ ಕತ್ತರಿ ಹುಡುಕುತ್ತಿದ್ದೆ.

ಅಷ್ಟರಲ್ಲಿ ಗಂಟೆ. ಮುಹರ್ರಕ್‌ನಿಂದ ಬಂದವರು,
ಚಿಕ್ಕಮ್ಮನ ಪಕ್ಕದಲ್ಲಿ ಹದಿನಾಲ್ಕರ ಹುಡುಗಿ,
ಕೈಯಲ್ಲಿ ಬಣ್ಣ ಹಾರಿದ ನಮ್ಮದೇ ರಸೀದಿ.
"ಅಮ್ಮ ತನ್ನ ಮದುವೆಯಲ್ಲಿ ಕುಣಿದಳಂತೆ.
ಡಿಸ್ಕಿನಲ್ಲಿ ಕೂತೇ ಇದ್ದಾಳೆ, ಉದ್ದಕ್ಕೂ.
ಕೇಳೋಣವೆಂದರೆ ಈಗ ಅವಳಿಲ್ಲ."

ಹೊಸ ಯಂತ್ರ ಆ ಫೈಲ್ ನೋಡಿ ಗುರುತಿಲ್ಲವೆಂದಿತು.
ನನ್ನ ಹಳೆಯದು ಕೆಮ್ಮಿತು, ತಡಮಾಡಿ ತೆರೆಯಿತು.
ಕತ್ತರಿಸಿದ್ದು ಎಲ್ಲಿಗೂ ಹೋಗಿರುವುದಿಲ್ಲ,
ರವಿಕೆಯ ಒಳಹೊಲಿಗೆಯಲ್ಲಿ ಬಿಟ್ಟ ಬಟ್ಟೆಯ ಹಾಗೆ
ಅಂಚಿನ ಹಿಂದೆ ಮಡಚಿಕೊಂಡಿರುತ್ತದೆ.
ಅತ್ತೆಯ ಕಡೆಯವರು ಬೇಡವೆಂದಿದ್ದರು. ತೆಗೆದದ್ದು ಯಾರು?
ಈ ಬೆರಳೇ.
ಅಂಚು ಹಿಡಿದು ಎಳೆದೆ. ನಲವತ್ತು ಸೆಕೆಂಡು.
ಕೆಂಪು ಮೆಹಂದಿಯ ಕೈ ಮೇಲೆದ್ದಿತು,
ಬಿಚ್ಚಿದ ಕೂದಲು ಎಡಕ್ಕೆ, ಬಲಕ್ಕೆ.
ಹುಡುಗಿ ಪರದೆ ಮುಟ್ಟಿದಳು. ಬೆರಳಚ್ಚು ಒರೆಸಲಿಲ್ಲ ನಾನು.

ಅವರು ಹೋದ ಮೇಲೆ ಮೇಡಂ ಮತ್ತೆ ಕೇಳಿದರು.
ತಟ್ಟೆಯಲ್ಲಿ ಬೀಜ ಮಾತ್ರ ಉಳಿದಿತ್ತು.
"ಹೋಗೋಣ," ಎಂದೆ. ಮಾರಿಸೆಲ್ ಬೆಚ್ಚಿ ನೋಡಿದಳು.
"ಈ ಮುದುಕಿ ಮಾತ್ರ ಈ ಮೂಲೆ ಬಿಟ್ಟು ಕದಲಬಾರದು.
ಕಟ್ಟಿದ್ದೀರಾ ಎಂದು ಕೇಳಲು ಬಂದ ಹೊಸಬಳಿಗೆ
ತಿಂಗಳಿಗೊಮ್ಮೆ ಕಿಟಕಿ ತೆರೆಯುವವರು ನೀವೇ."
ಹನಾನ್ ಇನ್ನೂ ಬೆರಳು ಮಡಚುತ್ತಲೇ ಇದ್ದಳು.

ಭಾನುವಾರದಿಂದ ಹೊಸದು.
ಎಡಗೈಯನ್ನು ತೊಡೆಯ ಕೆಳಗಿಟ್ಟು ಕೂರು ಎಂದಿದ್ದಾಳೆ ಮಾರಿಸೆಲ್,
ಮರೆಯುವವರೆಗೆ.
ಕೂರುತ್ತೇನೆ. ಅದು ಅಲ್ಲೇ, ಕತ್ತಲಲ್ಲಿ,
ಕತ್ತರಿಸುತ್ತಿರುತ್ತದೆ.